ನಲವತ್ತೆರಡಕ್ಕೆ ಮೂರು

ಕುಡಿಯುವ ನೀರಿನ ಕೊಳವೆ ನೆಲದೊಳಗೆ ಎಲ್ಲಿ ಸೋರುತ್ತಿದೆ ಎಂದು ಅಗೆಯದೆಯೇ ಹೇಳಬಲ್ಲವನು ಆ ಊರಿನ ನೀರು ಸರಬರಾಜು ಕಚೇರಿಯಲ್ಲಿ ಒಬ್ಬನೇ ಇದ್ದ. ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು, ಆದರೆ ಆ ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವನು ಕಿವಿಯಣ್ಣ. ಅಗೆಯುವ ತಂಡದ ಮೇಸ್ತ್ರಿ ಇಪ್ಪತ್ತೆರಡು ವರ್ಷದ ಹಿಂದೆ ತಮಾಷೆಗೆಂದು ಇಟ್ಟದ್ದು ಹಾಗೇ ಅಂಟಿಕೊಂಡುಬಿಟ್ಟಿತ್ತು.

ಕೆಲಸ ಹೀಗೆ. ಬೆಳಗ್ಗೆ ಐದರಿಂದ ಏಳರವರೆಗೆ, ಬಸ್ಸು ಲಾರಿಗಳ ಓಡಾಟ ಶುರುವಾಗುವ ಮುಂಚೆ, ಅವನು ಒಂದೂವರೆ ಮೀಟರ್ ಉದ್ದದ ಉಕ್ಕಿನ ಕೋಲು ಹಿಡಿದು ಬೀದಿಗಿಳಿಯುತ್ತಿದ್ದ. ಕೋಲಿನ ಒಂದು ತುದಿ ಚೂಪು. ಇನ್ನೊಂದು ತುದಿಯಲ್ಲಿ ಅಂಗೈ ಅಗಲದ ಮರದ ಬಿಲ್ಲೆ. ಚೂಪು ತುದಿಯನ್ನು ವಾಲ್ವಿನ ಮೇಲೋ, ಮನೆ ಮುಂದಿನ ನೀರಿನ ಮೀಟರಿನ ಮೇಲೋ ಇಟ್ಟು, ಬಿಲ್ಲೆಗೆ ಬಲಗಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುವುದು. ಎಡಗಿವಿ ಅಷ್ಟು ಚುರುಕಿರಲಿಲ್ಲ. ಹರೆಯದಲ್ಲಿ ಪಂಪ್‌ಹೌಸಿನಲ್ಲಿ ಕಳೆದ ಆರು ವರ್ಷ ಅದನ್ನು ಮಂದ ಮಾಡಿತ್ತು. ಒತ್ತಡದಲ್ಲಿರುವ ನೀರು ಸಣ್ಣ ಬಿರುಕಿನಿಂದ ನುಗ್ಗುವಾಗ ಕೊಳವೆ ಸುಯ್ಯೆನ್ನುತ್ತದೆ. ಲೋಹ ಆ ಸದ್ದನ್ನು ದೂರಕ್ಕೆ ಒಯ್ಯುತ್ತದೆ. ಯಾವ ಎರಡು ಮನೆಗಳ ನಡುವೆ ಸದ್ದು ಹೆಚ್ಚು ಎಂದು ಹೋಲಿಸುತ್ತಾ ಅವನು ಇಡೀ ಬೀದಿಯನ್ನು ಒಂದು ಹೆಜ್ಜೆಯಷ್ಟು ಜಾಗಕ್ಕೆ ಇಳಿಸುತ್ತಿದ್ದ. ಅಲ್ಲೊಂದು ಸುಣ್ಣದ ವೃತ್ತ ಬೀಳುತ್ತಿತ್ತು. ಮೇಸ್ತ್ರಿಯ ಜನ ಆ ವೃತ್ತದೊಳಗೆ ಅಗೆಯುತ್ತಿದ್ದರು. ಹತ್ತು ವೃತ್ತಗಳಲ್ಲಿ ಒಂಬತ್ತರಲ್ಲಿ ನೀರು ಸಿಗುತ್ತಿತ್ತು. ಸಿಗದ ಹತ್ತನೆಯದನ್ನು ಅವರು ಒಣ ಗುಂಡಿ ಎನ್ನುತ್ತಿದ್ದರು.

ಕಳೆದ ನಾಲ್ಕು ತಿಂಗಳಲ್ಲಿ ಕಿವಿಯಣ್ಣ ಹಾಕಿದ್ದು ಹನ್ನೊಂದು ವೃತ್ತ. ಅದರಲ್ಲಿ ಒಣ ಗುಂಡಿ ಐದು. ಕೊನೆಯದು ಒಂದು ಶಾಲೆಯ ಗೇಟಿನ ಎದುರೇ ಆಗಿ, ಎರಡು ದಿನ ಮಕ್ಕಳು ಹಲಗೆಯ ಮೇಲೆ ಹಾದು ಒಳಗೆ ಹೋಗಬೇಕಾಯಿತು. ಇಂಜಿನಿಯರ್ ಮೇಡಂ ಅವನನ್ನು ಕೋಣೆಗೆ ಕರೆಸಿ, ಕೂರಿಸಿ, ಐದೂ ಗುಂಡಿಗಳ ಫೋಟೋ ಮೇಜಿನ ಮೇಲೆ ಹರಡಿದರು. ಅವರು ಏರುದನಿಯವರಲ್ಲ. ಇನ್ನೊಂದು ಗುಂಡಿ ಒಣಗಿದರೆ ಕೋಲು ಕೆಳಗಿಟ್ಟು ದೂರು ವಿಭಾಗದಲ್ಲಿ ಫೋನ್ ಎತ್ತುವ ಕೆಲಸಕ್ಕೆ ಕೂರಬೇಕಾಗುತ್ತದೆ ಎಂದರು. ಯಾಕೆ ಹೀಗಾಗುತ್ತಿದೆ ಎಂದೂ ಕೇಳಿದರು. ಗೊತ್ತಿಲ್ಲ ಎಂದು ಅವನು ಹೇಳಿದ.

ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹನ್ನೊಂದು ತಿಂಗಳ ಹಿಂದೆ, ಅದೇ ಕಚೇರಿಯಲ್ಲಿ ಬಡಾವಣೆಗಳಿಗೆ ನೀರು ಬಿಡುವ ಕೆಲಸದಲ್ಲಿದ್ದ ಅವನ ಗೆಳೆಯ ಮಧ್ಯಾಹ್ನ ಊಟದ ಡಬ್ಬಿ ತೊಳೆಯಲು ಎದ್ದವನು ನಲ್ಲಿಯ ಹತ್ತಿರವೇ ಕುಸಿದು ತೀರಿಕೊಂಡಿದ್ದ. ಇಬ್ಬರಿಗೂ ಒಂದೇ ವಯಸ್ಸು, ನಲವತ್ತೆಂಟು. ಇಬ್ಬರೂ ಬೀಡಿ ಮುಟ್ಟಿದವರಲ್ಲ. ಆ ವಾರವೇ ಒಂದು ಮಧ್ಯಾಹ್ನ ಮಲಗಿದ್ದಾಗ ದಿಂಬಿಗೆ ಒತ್ತಿದ ಬಲಗಿವಿಯಲ್ಲಿ ಕಿವಿಯಣ್ಣನಿಗೆ ಸುಯ್, ಸುಯ್ ಎಂದು ಕೇಳಿಸಿತು. ಎದ್ದು ಕೂತ. ಆಗಲೂ ಕೇಳಿಸಿತು. ಇಪ್ಪತ್ತೆರಡು ವರ್ಷ ನೆಲದೊಳಗಿನ ಬಿರುಕು ಹುಡುಕಿದವನಿಗೆ ಆ ಸದ್ದಿನ ಅರ್ಥ ಬೇರೆ ಇನ್ನೇನು ಹೊಳೆದೀತು? ತಲೆಯೊಳಗೆ ಎಲ್ಲೋ ಸೋರುತ್ತಿದೆ.

ಕಿವಿಯ ವೈದ್ಯರು ನೋಡಿದರು. ಕುತ್ತಿಗೆಯ ರಕ್ತನಾಳದ ಸದ್ದು ಕೆಲವರಿಗೆ ಕೇಳಿಸುತ್ತದೆ, ಏನೂ ತೊಂದರೆಯಿಲ್ಲ ಎಂದರು. ಅದು ಅವನಿಗೆ ಇಪ್ಪತ್ತೊಂದು ದಿನದ ಸಮಾಧಾನ ಕೊಟ್ಟಿತು. ಹೃದಯದ ವೈದ್ಯರು ನೋಡಿದರು, ಒಂಬತ್ತು ದಿನ. ತಲೆಯ ಸ್ಕ್ಯಾನ್ ಆಯಿತು, ಎಲ್ಲ ಸರಿಯಿದೆ ಎಂದು ಎರಡು ಪುಟ ಬರೆದುಕೊಟ್ಟರು. ಆ ಎರಡು ಪುಟದ ಸಮಾಧಾನ ನಾಲ್ಕೇ ದಿನಕ್ಕೆ ಮುಗಿಯಿತು. ನಂತರ ಅವನು ತಾನೇ ನೋಡಿಕೊಳ್ಳಲು ಶುರುಮಾಡಿದ. ಎರಡು ಬೆರಳು ಕುತ್ತಿಗೆಗೆ ಒತ್ತಿ, ಗಡಿಯಾರ ನೋಡಿ, ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ, ಅಂಗಿಯ ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆಯುವುದು. ಸಂಖ್ಯೆ ಜಾಸ್ತಿ ಬಂದರೆ ಇನ್ನೊಮ್ಮೆ. ಕಡಿಮೆ ಬಂದರೂ ಇನ್ನೊಮ್ಮೆ. ಸರಿಯಾಗಿ ಬಂದರೆ, ಸರಿಯಾಗಿಯೇ ಎಣಿಸಿದೆನೋ ಎಂದು ಮತ್ತೊಮ್ಮೆ.

ಮನೆಯ ಮುಂದಿನ ಕೋಣೆಯಲ್ಲಿ ಅವನ ಹೆಂಡತಿಯ ಇಸ್ತ್ರಿ ಅಂಗಡಿ. ಗಿರಾಕಿಗಳ ಅಂಗಿ ಸೀರೆಗಳ ನಡುವೆ ನಿಂತು ಅವಳು ಇದನ್ನೆಲ್ಲ ನೋಡುತ್ತಲೇ ಇದ್ದಳು. ಮೊದಮೊದಲು ಹೆದರಿದಳು, ಆಮೇಲೆ ಕೋಪ ಮಾಡಿಕೊಂಡಳು, ಕೊನೆಗೆ ತಮಾಷೆಗೆ ಇಳಿದಳು. "ನನ್ನ ಕೈ ಹಿಡಿದು ಇಪ್ಪತ್ತು ವರ್ಷ ಆಯ್ತು. ಈಗ ನಿಮ್ಮ ಕೈ ನೀವೇ ಹಿಡ್ಕೊಂಡು ಓಡಾಡ್ತಿದೀರಿ" ಎಂದು ಒಂದು ದಿನ ಹೇಳಿದಾಗ ಅಂಗಡಿಗೆ ಬಂದಿದ್ದವರೂ ನಕ್ಕರು. ಅವನು ಮಾತ್ರ ನಗಲಿಲ್ಲ. ಅರ್ಧಕ್ಕೆ ಎಣಿಕೆ ತಪ್ಪಿತ್ತು.

ಕೋಲಿನ ಬಿಲ್ಲೆಗೆ ಕಿವಿ ಹಚ್ಚಿದಾಗ ಈಗ ಅವನಿಗೆ ಮೊದಲು ಕೇಳಿಸುತ್ತಿದ್ದದ್ದು ತನ್ನದೇ ರಕ್ತ. ಕೊಳವೆಯ ಸದ್ದು ಅದರ ಹಿಂದೆ ಎಲ್ಲೋ ಇರುತ್ತಿತ್ತು. ಇದನ್ನು ಬಾಯಿಬಿಟ್ಟರೆ ಆ ಕ್ಷಣವೇ ಕೋಲು ಕಿತ್ತುಕೊಳ್ಳುತ್ತಾರೆ ಎಂದು ಅವನು ಯಾರಿಗೂ, ಹೆಂಡತಿಗೂ, ಈ ಒಂದು ಸಂಗತಿ ಹೇಳಿರಲಿಲ್ಲ.

ಹೀಗಿರುವಾಗ ಬಡಾವಣೆಯ ಆರೋಗ್ಯ ಕೇಂದ್ರದವರು ಮನೆ ಮನೆಗೆ ಬಂದರು. ಈ ಸಲ ರಕ್ತ ತೆಗೆಯುವುದಾಗಲಿ, ತೋಳಿಗೆ ಪಟ್ಟಿ ಸುತ್ತುವುದಾಗಲಿ ಇರಲಿಲ್ಲ. ಆರೋಗ್ಯದ ಬಗೆಗಿನ ಆತಂಕವೇ ಎಷ್ಟು ಜನರನ್ನು ಹಿಂಡುತ್ತಿದೆ ಎಂದು ತಿಳಿಯುವ ತಪಾಸಣೆ. ಹದಿನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು ನಲವತ್ತೆರಡು. ಹದಿನೆಂಟು ದಾಟಿದವರನ್ನು ಕೇಂದ್ರಕ್ಕೆ ಕರೆದು ಮಾತಾಡಿಸುತ್ತಾರೆ. ದಾಟದವರಲ್ಲೂ ಹತ್ತಕ್ಕೊಬ್ಬರನ್ನು ಚೀಟಿ ಎತ್ತಿ ಕರೆಯುತ್ತಾರೆ, ಕಾಗದದ ಕಣ್ಣಿಗೆ ಬೀಳದೆ ಯಾರಾದರೂ ಉಳಿದಿದ್ದಾರೆಯೇ ಎಂದು ನೋಡಲು. ಅಂಗಡಿಯ ಸ್ಟೂಲಿನ ಮೇಲೆ ಕೂತ ಸಿಸ್ಟರ್ ಇಷ್ಟನ್ನೂ ಬಿಡಿಸಿ ಹೇಳಿದರು. ಐವತ್ತರ ಆಸುಪಾಸಿನವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು.

ಹೆಂಡತಿ ಇಸ್ತ್ರಿ ಉಜ್ಜುತ್ತಲೇ ಉತ್ತರ ಕೊಟ್ಟಳು. ಆರು ಅಂಕ ಬಂತು. ನಂತರ ಕಿವಿಯಣ್ಣನ ಸರದಿ.

ಆರೋಗ್ಯದ ಬಗ್ಗೆ ಎಷ್ಟು ಚಿಂತೆ ಮಾಡುತ್ತೀರಿ ಎಂದು ಮೊದಲ ಪ್ರಶ್ನೆ. ಚಿಂತೆ ಮಾಡುವ ಜಾಯಮಾನ ತನ್ನದಲ್ಲ, ತಾನು ನೋಡಿಕೊಳ್ಳುತ್ತೇನೆ ಅಷ್ಟೆ ಎಂದ. ಸೊನ್ನೆ. ಮೈಯ ನೋವು, ಸದ್ದು, ಬದಲಾವಣೆಗಳು ನಿಮ್ಮಂಥ ಬೇರೆಯವರಿಗಿಂತ ನಿಮಗೆ ಹೆಚ್ಚು ಗಮನಕ್ಕೆ ಬರುತ್ತವೆಯೇ? ಅವನು ಪ್ರಾಮಾಣಿಕವಾಗಿ ಯೋಚಿಸಿದ. ತನ್ನ ಕಸುಬಿನವರು ಊರಲ್ಲಿ ಇನ್ನೊಬ್ಬರಿಲ್ಲ, ಹಾಗಾಗಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದ. ಅದಕ್ಕೂ ಸೊನ್ನೆ. ದೊಡ್ಡ ಕಾಯಿಲೆ ಇದೆಯೆಂಬ ಭಯ? ಇದೆಯೋ ಇಲ್ಲವೋ ತೀರ್ಮಾನವೇ ಆಗಿಲ್ಲದಿರುವಾಗ ಭಯ ಎಲ್ಲಿಂದ ಬರಬೇಕು, ತಾನು ತೀರ್ಮಾನಕ್ಕಾಗಿ ಕಾಯುತ್ತಿದ್ದೇನೆ ಎಂದ. ವೈದ್ಯರು ಏನೂ ಇಲ್ಲ ಎಂದರೆ ಸಮಾಧಾನವಾಗುತ್ತದೆಯೇ ಎಂಬುದಕ್ಕೆ ಆಗುತ್ತದೆ ಎಂದ, ಅದು ನಿಜವೇ ಆಗಿತ್ತು. ಎಷ್ಟು ದಿನಕ್ಕೆ ಎಂದು ಕಾಗದ ಕೇಳಿರಲಿಲ್ಲ. ನೀವು ಅತಿಯಾಗಿ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಮನೆಯವರು ಹೇಳುತ್ತಾರೆಯೇ ಎಂಬಲ್ಲಿಗೆ ಬಂದಾಗ ಇಸ್ತ್ರಿಪೆಟ್ಟಿಗೆ ಒಂದು ಕ್ಷಣ ನಿಂತಿತು. ಅವನು ಅತ್ತ ನೋಡಿ, ಆ ಒಂದಕ್ಕೆ ಮೂರು ಹಾಕಿಕೊಳ್ಳಿ ಎಂದ.

ಹದಿನಾಲ್ಕೂ ಮುಗಿದಾಗ ಒಟ್ಟು ಆ ಮೂರೇ.

"ಸಿಸ್ಟರ್, ಈ ಕಾಗದದಲ್ಲಿ ಏನೋ ಸರಿಯಿಲ್ಲ" ಎಂದಳು ಹೆಂಡತಿ. "ಅವರ ಜೇಬಲ್ಲಿ ಏನಿದೆ ಅಂತ ಒಂದ್ಸಲ ಕೇಳಿ."

ಕಿವಿಯಣ್ಣ ಸಂಕೋಚವೇನೂ ಇಲ್ಲದೆ ಪುಸ್ತಕ ತೆಗೆದು ಕೊಟ್ಟ. ಕೊಡುವಾಗ ಅವನ ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು ಎನ್ನಬೇಕು. ತಾರೀಖು, ಗಂಟೆ, ನಿಮಿಷ, ನಾಡಿಯ ಸಂಖ್ಯೆ, ನಿಂತಿದ್ದೋ ಕೂತಿದ್ದೋ ಎಂಬ ಗುರುತು. ಒಂದೂ ಗೆರೆ ವಕ್ರವಿಲ್ಲ. ಸಿಸ್ಟರ್ ಹಿಂದಿನ ದಿನದ ಪುಟ ಎಣಿಸಿದರು. ನಲವತ್ತೊಂದು ಸಲ. ಅವರು ನಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಬರವಣಿಗೆ ಅಚ್ಚುಕಟ್ಟಾಗಿದೆ ಎಂದು ಹೇಳಿ ವಾಪಸ್ಸು ಕೊಟ್ಟರು. ಕೊಟ್ಟ ಉತ್ತರ ತಿದ್ದುವ ಹಕ್ಕು ತಮಗಿಲ್ಲ, ಮೂರು ಎಂದರೆ ಮೂರೇ. ಆದರೆ ಮಾತಾಡಬೇಕು ಎನ್ನಿಸಿದರೆ ಚೀಟಿಗೆ ಕಾಯುವ ಅಗತ್ಯವಿಲ್ಲ, ನೀವೇ ಕೇಂದ್ರಕ್ಕೆ ಬರಬಹುದು ಎಂದರು. ಅವರು ಕಾಗದದ ಕೆಳಗಿನ ಖಾಲಿ ಜಾಗದಲ್ಲಿ ಏನೋ ಎರಡು ಸಾಲು ಬರೆದುಕೊಂಡದ್ದನ್ನು ಹೆಂಡತಿ ನೋಡಿದಳು. ಅವನು ನೋಡಲಿಲ್ಲ. ನಲವತ್ತೆರಡಕ್ಕೆ ಮೂರು ಎಂಬ ಖುಷಿಯಲ್ಲಿದ್ದ.

ಆ ಖುಷಿ ಎರಡೂವರೆ ದಿನ ಬಾಳಿತು.

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವನ ತಲೆಯಲ್ಲಿ ಹುಳ ಹೊಕ್ಕಿತ್ತು. ಹದಿನಾಲ್ಕು ಪ್ರಶ್ನೆಯನ್ನು ಆರು ನಿಮಿಷದಲ್ಲಿ ಮುಗಿಸಿದರಲ್ಲ, ಅಷ್ಟರಲ್ಲಿ ಏನು ತಿಳಿದೀತು? ಅಂಗಡಿಯಲ್ಲಿ ಜನ ಬಂದು ಹೋಗುತ್ತಿದ್ದರು, ಗದ್ದಲವಿತ್ತು, ಸಿಸ್ಟರಿಗೆ ಸರಿಯಾಗಿ ಕೇಳಿಸಿದೆಯೋ ಇಲ್ಲವೋ. ಅದೂ ಅಲ್ಲದೆ ಕಲ್ಲುಗುಂಡಿನಂತಿರುವ ತನ್ನ ಹೆಂಡತಿಗೇ ಆರು ಬಂದಿದೆ. ಆರೋಗ್ಯವಂತರಿಗೆ ಆರು ಬರುವುದಾದರೆ ತನಗೆ ಬರೀ ಮೂರು ಬಂದದ್ದು ಯಾವುದರ ಲಕ್ಷಣ? ಅವನು ಊಟ ಅರ್ಧಕ್ಕೆ ಬಿಟ್ಟು ಎದ್ದ.

ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಕೂರುವ ಕೋಣೆ ಉದ್ದಕ್ಕೆ, ಇಕ್ಕಟ್ಟಾಗಿ ಇತ್ತು. ಒಂದು ಗೋಡೆಯ ತುಂಬ ಫೈಲುಗಳು, ಮೂಲೆಯಲ್ಲಿ ಮಕ್ಕಳನ್ನು ತೂಗುವ ತಕ್ಕಡಿ. ಅವನು ಬಾಗಿಲಲ್ಲೇ ನಿಂತು ಕೆಮ್ಮಿದ.

"ಸಿಸ್ಟರ್, ನನ್ನ ಅಂಕ ಇನ್ನೊಂದ್ಸಲ ನೋಡ್ಬೇಕಿತ್ತು."

"ಯಾಕೆ ಅಣ್ಣ?"

"ತಪ್ಪಿರಬಹುದು ಅನ್ನಿಸ್ತಿದೆ."

"ಜಾಸ್ತಿ ಬರ್ಬೇಕಿತ್ತು ಅಂತಾನಾ, ಕಡಿಮೆ ಬರ್ಬೇಕಿತ್ತು ಅಂತಾನಾ?"

"ಹಾಗಲ್ಲ. ಸರಿಯಾಗಿರ್ಬೇಕು ಅಂತ."

ಸಿಸ್ಟರ್ ಕನ್ನಡಕ ತೆಗೆದು ಎದೆಯ ಮೇಲೆ ಇಳಿಬಿಟ್ಟರು. "ಇಲ್ಲಿವರೆಗೂ ನಾನೂರು ಮನೆ ಮಾಡಿದೀನಿ. ಕಾಯಿಲೆ ಬಗ್ಗೆ ಎಷ್ಟು ಚಿಂತೆ ಮಾಡ್ತೀರಿ ಅಂತ ಕೇಳೋ ಈ ಕಾಗದನ್ನೇ ಮರುಪರೀಕ್ಷೆ ಮಾಡಿ ಅಂತ ಬಂದಿರೋರು ನೀವೊಬ್ರೇ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ತಕ್ಕಡಿಯ ಪಕ್ಕದ ಕುರ್ಚಿಯ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾನೆಂದು ಸಿಸ್ಟರ್ ನೀರಿನ ಲೋಟ ಹಿಡಿದು ಬಂದರೆ ಅವನು ನಗುತ್ತಿದ್ದ. ಹನ್ನೊಂದು ತಿಂಗಳಲ್ಲಿ ಅದೇ ಮೊದಲು.

ಎರಡನೆಯ ಸಲ ಸಿಸ್ಟರ್ ಅದೇ ಹದಿನಾಲ್ಕನ್ನು ಅವನದೇ ಕಸುಬಿನ ರೀತಿಯಲ್ಲಿ ಕೇಳಿದರು. ದಿನಕ್ಕೆ ಎಷ್ಟು ಸಲ ನೋಡಿಕೊಳ್ಳುತ್ತೀರಿ, ನೋಡದೆ ಎಷ್ಟು ಹೊತ್ತು ಇರಬಲ್ಲಿರಿ, ಸರಿಯಿದೆ ಎಂದು ಗೊತ್ತಾದ ಮೇಲೆ ಆ ಸಮಾಧಾನ ಎಷ್ಟು ದಿನ, ನೋಡುವ ಭರದಲ್ಲಿ ಯಾವ ಕೆಲಸ ಕೆಟ್ಟಿತು. ಕೊನೆಯದಕ್ಕೆ ಅವನು ಐದು ಗುಂಡಿಗಳ ವಿಷಯ ಹೇಳಿಬಿಟ್ಟ. ಇಪ್ಪತ್ತೊಂಬತ್ತು ಅಂಕವಾಯಿತು. ಸಮೀಕ್ಷೆಯ ಲೆಕ್ಕದಲ್ಲಿ ಮೂರೇ ಉಳಿಯುತ್ತದೆ, ಇದು ನಿಮಗಾಗಿ ಮಾಡಿದ್ದು ಎಂದರು ಸಿಸ್ಟರ್. ಅವನಂತೆ ಕಾಗದದ ಕಣ್ಣು ತಪ್ಪಿಸಿದವರು ಇನ್ನೂ ಕೆಲವರು ಇದ್ದರು ಎಂದು ಆಮೇಲೆ ತಿಳಿಯಿತು. ಮುಂದಿನ ಬಡಾವಣೆಗೆ ಹೋದಾಗ ಸಿಸ್ಟರ್ ಅವರ ಫೈಲಿನಲ್ಲಿ ಹದಿನೈದನೆಯ ಪ್ರಶ್ನೆಯೊಂದು ಸೇರಿತ್ತು: ನಿನ್ನೆ ನೀವು ಎಷ್ಟು ಸಲ ನಿಮ್ಮ ಮೈ ಪರೀಕ್ಷಿಸಿಕೊಂಡಿರಿ?

ಇಪ್ಪತ್ತೊಂಬತ್ತು ಎಂದರೆ ದೊಡ್ಡ ಕಾಯಿಲೆಯೇ ಎಂದು ಅವನು ಕೇಳಿದ.

"ನಿಮ್ಮ ತಲೇಲಿ ಏನೂ ಇಲ್ಲ ಅಂತ ನಾನು ಹೇಳ್ತಿಲ್ಲ, ಅದನ್ನ ಡಾಕ್ಟರುಗಳು ನೋಡಿ ಹೇಳಿದಾರೆ" ಎಂದರು ಸಿಸ್ಟರ್. "ನಾನು ಹೇಳ್ತಿರೋದು ಇಷ್ಟೇ. ಕಾವಲು ಕಾದು ಕಾದು ನಿಮಗೆ ಸುಸ್ತಾಗಿದೆ. ಆ ಸುಸ್ತು ಸುಳ್ಳಲ್ಲ. ಅದಕ್ಕೆ ದಾರಿ ಇದೆ."

ದಾರಿ ತೋರಿಸಬೇಕಾದ ಸಲಹೆಗಾರರು ಗುರುವಾರಗಳಂದು ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಕಾಲು ಅಲುಗುವ ಮೇಜು, ಎರಡು ಕುರ್ಚಿ, ಕಿಟಕಿಯಾಚೆ ಸೈಕಲ್ ನಿಲ್ದಾಣ. ಮೊದಲೆರಡು ವಾರ ಅವರು ಮೈಯ ಸುದ್ದಿಯನ್ನೇ ಎತ್ತಲಿಲ್ಲ, ಕೊಳವೆಗಳ ಬಗ್ಗೆ ಕೇಳಿದರು. ನಿಮ್ಮ ಕೆಲಸ ಯಾರಿಗಾದರೂ ಕಲಿಸಿದ್ದೀರಾ ಎಂದರು. ಹಿಂದೊಮ್ಮೆ ಬೇರೆ ಊರಿನ ಇಬ್ಬರಿಗೆ ಕಲಿಸಿದ್ದ. ಹೊಸಬರಿಗೆ ಎಲ್ಲಿ ಕೋಲಿಟ್ಟರೂ ಸೋರಿಕೆಯೇ ಕೇಳಿಸುತ್ತದೆ; ಅದಕ್ಕೇ ಮೊದಲ ಹತ್ತು ದಿನ ಗಟ್ಟಿಯಾಗಿರುವ ಕೊಳವೆಗಳನ್ನಷ್ಟೇ ಕೇಳಿಸುತ್ತಿದ್ದ. "ಚೆನ್ನಾಗಿರೋ ಕೊಳವೆಗೂ ಸದ್ದು ಇರುತ್ತೆ ಸರ್. ತಿರುವಲ್ಲಿ ಒಂಥರಾ, ವಾಲ್ವಲ್ಲಿ ಒಂಥರಾ, ಯಾರೋ ನಲ್ಲಿ ಬಿಟ್ಟರೆ ಇನ್ನೊಂಥರಾ. ಸದ್ದೇ ಇಲ್ಲ ಅಂದ್ರೆ ನೀರೇ ಬರ್ತಿಲ್ಲ ಅಂತ..." ಎಂದು ಉತ್ಸಾಹದಿಂದ ಹೇಳುತ್ತಿದ್ದವನು ನಡುವೆ ನಿಲ್ಲಿಸಿದ. ಸಲಹೆಗಾರರು ಅದನ್ನು ಎತ್ತಿ ಆಡಲಿಲ್ಲ. ಮುಂದಿನ ಗುರುವಾರದ ತಾರೀಖು ಬರೆದುಕೊಟ್ಟರು.

ಮೂರನೆಯ ವಾರದಿಂದ ಕೆಲಸ ಶುರುವಾಯಿತು. ಜೇಬಿನ ಪುಸ್ತಕ ಹೆಂಡತಿಯ ಅಂಗಡಿಯ ಡ್ರಾಯರಿಗೆ ಹೋಯಿತು. ನಾಡಿ ನೋಡುವುದು ದಿನಕ್ಕೆ ಒಂದೇ ಸಲ, ಸಂಜೆ ಆರಕ್ಕೆ. ಉಳಿದ ಹೊತ್ತು ನೋಡಬೇಕು ಎಂಬ ತುಡಿತ ಎದ್ದರೆ, ನೋಡದೆ, ಆ ತುಡಿತ ಹತ್ತಕ್ಕೆ ಎಷ್ಟಿದೆ ಎಂದಷ್ಟೇ ಐದೈದು ನಿಮಿಷಕ್ಕೆ ಬರೆಯಬೇಕು. ಅಳೆಯುವುದೆಂದರೆ ಅವನಿಗೆ ಇಷ್ಟ. ಗ್ರಾಫ್ ಕಾಗದವನ್ನೇ ತಂದ. ತುಡಿತ ಸುಮಾರು ಹತ್ತನೆಯ ನಿಮಿಷಕ್ಕೆ ತುದಿ ಮುಟ್ಟುತ್ತಿತ್ತು, ಒಂಬತ್ತೋ ಹತ್ತೋ. ಅಲ್ಲಿಂದ ಇಳಿಯುತ್ತಿತ್ತು. ಇಪ್ಪತ್ತೈದನೆಯ ನಿಮಿಷಕ್ಕೆ ಎರಡು. ಯಾರೂ ಏನೂ ಮಾಡದೆ, ತಾನೇ ತಾನಾಗಿ. ಹನ್ನೊಂದು ತಿಂಗಳು ಹತ್ತು ನಿಮಿಷ ದಾಟುವ ಮೊದಲೇ ಬೆರಳು ಕುತ್ತಿಗೆಗೆ ಹೋಗುತ್ತಿದ್ದದ್ದರಿಂದ ಆ ಇಳಿಜಾರನ್ನು ಅವನು ನೋಡಿಯೇ ಇರಲಿಲ್ಲ. ಎಲ್ಲ ದಿನವೂ ಸಲೀಸಾಗಿರಲಿಲ್ಲ. ಒಂದು ಭಾನುವಾರ ಡ್ರಾಯರಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಡತಿಯೊಡನೆ ಜಗಳವೇ ಆಯಿತು. ಆದರೂ ಐದನೆಯ ವಾರಕ್ಕೆ ದಿನಕ್ಕೆ ನಲವತ್ತೊಂದು ಸಲ ಎಂಬುದು ಒಂಬತ್ತಕ್ಕೆ ಇಳಿದಿತ್ತು.

ಕಚೇರಿಯಲ್ಲಿ ಮಾತ್ರ ಅವನು ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದ. ವೃತ್ತವೇ ಹಾಕದಿದ್ದರೆ ಒಣ ಗುಂಡಿಯೂ ಇಲ್ಲ ಎಂಬ ಲೆಕ್ಕದಲ್ಲಿ ಮೂರು ವಾರ ವಾಲ್ವುಗಳಿಗೆ ಎಣ್ಣೆ ಬಿಡುವುದು, ನಕ್ಷೆ ತಿದ್ದುವುದು ಇಂಥದೇ ಕೆಲಸ ಹುಡುಕಿಕೊಂಡ. ಅದು ಹೆಚ್ಚು ದಿನ ನಡೆಯಲಿಲ್ಲ. ಅಚ್ಚುಕೂಟದ ಹಿಂದಿನ ಬೀದಿಯಲ್ಲಿ ಮೇಲಿನ ಮಹಡಿಗಳಿಗೆ ನೀರು ಏರುತ್ತಿಲ್ಲ ಎಂದು ದೂರು ಬಂತು. ಬೀದಿಯ ತಲೆಯಲ್ಲಿನ ದೊಡ್ಡ ಮೀಟರನ್ನು ನಸುಕಿನಲ್ಲಿ ನೋಡಿದರೆ, ಎಲ್ಲರೂ ನಿದ್ದೆಯಲ್ಲಿರುವ ಹೊತ್ತಿನಲ್ಲೂ ಗಂಟೆಗೆ ಸಾವಿರದ ಎಂಟುನೂರು ಲೀಟರ್ ಹರಿಯುತ್ತಿತ್ತು. ಸೋರಿಕೆ ಇರುವುದಂತೂ ಖಂಡಿತ. ಮೂವತ್ತೊಂದು ಮನೆಗಳ ಬೀದಿಯಲ್ಲಿ ಎಲ್ಲಿ ಎಂಬುದಷ್ಟೇ ಪ್ರಶ್ನೆ. ನಾಳೆಯೇ ಹೋಗಿ ಎಂದು ಇಂಜಿನಿಯರ್ ಮೇಡಂ ಹೇಳಿದರು. ಇದು ಆ ಇನ್ನೊಂದು ಗುಂಡಿ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಗ್ಗೆ ಐದೂಕಾಲಿಗೆ ಅವನೂ ಮೇಸ್ತ್ರಿಯೂ ಬೀದಿಯ ತುದಿಯಲ್ಲಿದ್ದರು. ಒಂದೊಂದೇ ಮನೆಯ ಮುಂದೆ ಕೋಲು ಊರುತ್ತ ಬಂದರು. ಹದಿನಾರು ಮನೆ ದಾಟುವವರೆಗೆ ಏನೂ ಇಲ್ಲ. ಹದಿನೇಳನೆಯ ಮನೆಯ ಮೀಟರಿನ ಮೇಲೆ ಕೋಲಿಟ್ಟಾಗ ಕೇಳಿಸಿತು. ಸುಯ್, ಸುಯ್. ಬೇಕಾದಷ್ಟು ಜೋರಾಗಿಯೇ.

ಸೋರುವ ನೀರಿಗೆ ಮಿಡಿತ ಇರುವುದಿಲ್ಲ, ಅದು ಒಂದೇ ಸಮನೆ ಸುಯ್ಯುತ್ತದೆ. ನಾಡಿ ಮಿಡಿಯುತ್ತದೆ. ಎರಡು ಬೆರಳು ಕುತ್ತಿಗೆಗೆ ಒತ್ತಿ, ಕೇಳುತ್ತಿರುವ ಸದ್ದು ಬೆರಳಿನ ಮಿಡಿತಕ್ಕೆ ಕೂಡುತ್ತದೆಯೇ ನೋಡಿದರೆ ಅರ್ಧ ನಿಮಿಷದಲ್ಲಿ ತೀರ್ಮಾನ. ಅವನ ಕೈ ಆಗಲೇ ಅರ್ಧ ದಾರಿ ಏರಿತ್ತು. ಅಲ್ಲೇ ನಿಂತಿತು. ಸಂಜೆ ಆರಕ್ಕೆ ಇನ್ನೂ ಹನ್ನೆರಡು ಗಂಟೆಗೂ ಮೀರಿ ಹೊತ್ತಿದೆ ಎಂಬುದು ಒಂದು. ಇನ್ನೊಂದು, ಒಂದೇ ಸಲಕ್ಕೆ ಮುಗಿದ ಎಣಿಕೆ ಅವನ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. ಈ ಬೀದಿಯಲ್ಲಿ ಬೆರಳು ಒತ್ತಿದರೆ ಏಳು ಗಂಟೆಯವರೆಗೆ ಅವನು ಕೇಳುವುದು ತನ್ನ ಕುತ್ತಿಗೆಯನ್ನು ಮಾತ್ರ.

ಕೈ ಕೆಳಗಿಳಿಸಿ, ಅವನು ಇಪ್ಪತ್ತೆರಡು ವರ್ಷದಲ್ಲಿ ಮಾಡದೆ ಇದ್ದ ಕೆಲಸ ಮಾಡಿದ. ಕೋಲನ್ನು ಮೇಸ್ತ್ರಿಯತ್ತ ಚಾಚಿದ.

"ನೀನೊಂದ್ಸಲ ಕೇಳು."

"ನಾನಾ? ಮನೇಲಿ ನನ್ನ ಹೆಂಡ್ತಿ ಕೂಗಿದ್ದೇ ನನಗೆ ಕೇಳ್ಸಲ್ಲ ಅಣ್ಣ."

"ನನ್ನ ಬಲಗಿವೀಲಿ ನನ್ನ ನಾಡಿ ಕೇಳ್ಸುತ್ತೆ. ಹನ್ನೊಂದು ತಿಂಗಳು ದಾಟ್ತು. ಆ ಐದೂ ಗುಂಡಿ ಒಣಗಿದ್ದು ಅದರಿಂದಾನೇ."

ಮೇಸ್ತ್ರಿ ಕೋಲು ತೆಗೆದುಕೊಂಡ. ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಅಂದ್ರೆ ಐದು ಸಲ ನಿಮ್ಮ ನಾಡಿ ಹುಡುಕ್ಕೊಂಡು ನಾನು ರಸ್ತೆ ಅಗೆದೆ ಅನ್ನಿ."

"ಹ್ಞೂಂ."

"ಮೊದಲೇ ಹೇಳಿದ್ರೆ ಕುತ್ತಿಗೆ ಹತ್ರಾನೇ ಅಗೀತಿದ್ದೆ" ಎಂದು ಮೇಸ್ತ್ರಿ ಬಾಗಿ ಬಿಲ್ಲೆಗೆ ಕಿವಿಕೊಟ್ಟ.

ಒಂದು ನಿಮಿಷ ಕಳೆಯಿತು. ಮೇಸ್ತ್ರಿ ತಲೆಯಾಡಿಸಿ, ಇಲ್ಲಿ ಏನೂ ಇಲ್ಲ ಎಂದ. ಬೀದಿಯಲ್ಲೇ ಅತಿ ದೊಡ್ಡ ಸದ್ದು ಕಿವಿಯಣ್ಣನಿಗೆ ಕೇಳಿಸಿದ್ದು ಆ ಜಾಗದಲ್ಲಿ. ಇನ್ನೊಂದು ಸಲ ಕೇಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಮುಂದಿನ ಮನೆಗೆ ನಡೆದ. ಬೆನ್ನಿನ ಹಿಂದೆ ಹದಿನೇಳನೆಯ ಮನೆ ಎಳೆಯುತ್ತಲೇ ಇತ್ತು. ಅದರ ಎಳೆತ ಯಾವ ನಿಮಿಷಕ್ಕೆ ಇಳಿಯುತ್ತದೆ ಎಂದು ಅವನಿಗೆ ಈಗ ಅಂದಾಜಿತ್ತು, ಹಾಗಾಗಿ ತಿರುಗಿ ನೋಡದೆ ನಡೆಯಬಲ್ಲವನಾದ.

ಇಪ್ಪತ್ತಮೂರನೆಯ ಮನೆಯಲ್ಲಿ ಅವನಿಗೆ ಕೇಳಿಸಿದ್ದರಲ್ಲಿ ಎರಡು ಪದರವಿತ್ತು. ಮಿಡಿಯುವುದೊಂದು, ಅದರ ಹಿಂದೆ ಮಿಡಿಯದ್ದು ಒಂದು. ಏನೂ ಹೇಳದೆ ಕೋಲು ಕೊಟ್ಟ. ಮೇಸ್ತ್ರಿಯ ಹುಬ್ಬು ಮೇಲೇರಿತು. "ಸುಯ್ ಅಂತಿದೆ ಅಣ್ಣ. ನಿಲ್ಲಿಸ್ತಾನೇ ಇಲ್ಲ." ಇಪ್ಪತ್ತನಾಲ್ಕರಲ್ಲೂ ಅದೇ, ಇನ್ನೂ ಸ್ವಲ್ಪ ಜೋರು. ಇಪ್ಪತ್ತೈದರಲ್ಲಿ ಕಡಿಮೆ. ಇಪ್ಪತ್ತಮೂರು, ಇಪ್ಪತ್ತನಾಲ್ಕನೆಯ ಮನೆಗಳ ನಡುವೆ, ಇಪ್ಪತ್ತನಾಲ್ಕಕ್ಕೆ ಹತ್ತಿರವಾಗಿ ಸುಣ್ಣದ ವೃತ್ತ ಬಿತ್ತು.

ಎಂಟು ಗಂಟೆಗೆ ಅಗೆತ ಶುರುವಾಯಿತು. ಒಂದು ಮೀಟರ್ ಇಳಿದರೂ ಮಣ್ಣು ಪುಡಿಪುಡಿ. ಮನೆಗಳ ಬಾಗಿಲಲ್ಲಿ ನಿಂತು ನೋಡುತ್ತಿದ್ದವರಲ್ಲಿ ಒಬ್ಬರು, ಶಾಲೆ ಮುಂದೆ ಅಗೆದವರೂ ಇವರೇ ತಾನೇ ಎಂದು ಕೇಳಿದರು. ಕಿವಿಯಣ್ಣ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದಿದ್ದ. ಮೇಸ್ತ್ರಿ ಒಳಗಿನಿಂದ ಒಮ್ಮೆ ಅವನ ಮುಖ ನೋಡಿ, ಗುದ್ದಲಿಯನ್ನು ಬಲಪಕ್ಕಕ್ಕೆ ಹಾಕಿದ. ಇನ್ನೊಂದು ಗೇಣು ಇಳಿದಾಗ ಮಣ್ಣಿನ ಬಣ್ಣ ಕಪ್ಪಾಯಿತು. ಮತ್ತೆರಡು ಏಟಿಗೆ ಗುದ್ದಲಿ ಪಚಕ್ ಎಂದಿತು. ಕೊಳವೆಯ ಕೂಡುವಿಕೆಯಲ್ಲಿ ಉಗುರಿನಷ್ಟು ಬಿರುಕು, ವೃತ್ತದ ನಡುವಿನಿಂದ ನಲವತ್ತು ಸೆಂಟಿಮೀಟರ್ ಆಚೆ. ನೀರು ಮೇಸ್ತ್ರಿಯ ಮೊಣಕಾಲಿಗೆ ಬಡಿಯಿತು.

ಆ ಹೊತ್ತಿನಲ್ಲಿ ಸುಮ್ಮನಿದ್ದುಬಿಡಬಹುದಿತ್ತು. ಗುಂಡಿ ಒದ್ದೆಯಾಗಿದೆ, ಕೋಲು ಉಳಿದಿದೆ, ಯಾರೂ ಏನೂ ಕೇಳುವುದಿಲ್ಲ. ಕಿವಿಯಣ್ಣ ಕೈಕಾಲು ತೊಳೆದು ನೇರ ಇಂಜಿನಿಯರ್ ಮೇಡಂ ಕೋಣೆಗೆ ಹೋದ. ಕಿವಿಯ ಸದ್ದು, ವೈದ್ಯರ ಕಾಗದಗಳು, ಆರೋಗ್ಯ ಕೇಂದ್ರದ ಗುರುವಾರಗಳು, ಈ ದಿನ ಸೋರಿಕೆ ಕೇಳಿದ್ದು ಯಾರ ಕಿವಿ ಎಂಬುದು, ಎಲ್ಲ ಒಂದೇ ಉಸಿರಿಗೆ ಹೇಳಿದ. ಹನ್ನೊಂದು ತಿಂಗಳು ಮುಚ್ಚಿಟ್ಟದ್ದಕ್ಕೆ ಅವರಿಗೆ ನಿಜಕ್ಕೂ ಕೋಪ ಬಂತು. ಶಾಲೆಯ ಮುಂದಿನ ಹಲಗೆಯ ಮೇಲೆ ಒಂದು ಮಗು ಜಾರಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ ಎಂದು ಕೇಳಿದರು.

ಕೋಪ ಸ್ವಲ್ಪ ಇಳಿದ ಮೇಲೆ ಅವರೇ ಮತ್ತೆ ಕೇಳಿದರು.

"ಆ ಸದ್ದು ಪೂರ್ತಿ ಹೋಗುತ್ತಾ?"

"ಹೋಗದೇನೂ ಇರಬಹುದಂತೆ ಮೇಡಂ. ಇದ್ದರೂ ಕೆಲಸ ಮಾಡೋದು ಕಲೀತಿದೀನಿ."

"ಒಬ್ಬರ ಕಿವಿ ಮೇಲೆ ಇಡೀ ಊರನ್ನ ಬಿಟ್ಟಿದ್ದು ನಮ್ಮ ತಪ್ಪೂ ಹೌದು" ಎಂದರು ಮೇಡಂ. ಆಮೇಲೆ ಕಾಗದ ಎಳೆದುಕೊಂಡು ನಿಯಮ ಬರೆದರು. ಇನ್ನು ಮುಂದೆ ಪ್ರತಿ ಬೀದಿಯನ್ನೂ ಇಬ್ಬರು ಕೇಳಬೇಕು. ಮೊದಲನೆಯವರು ಕೇಳಿದ್ದನ್ನು ಎರಡನೆಯವರಿಗೆ ಹೇಳಕೂಡದು. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು, ಬೀದಿ ಮುಗಿದ ಮೇಲೆ ಹೋಲಿಸಬೇಕು. ಒಪ್ಪದಿದ್ದರೆ ಮರುದಿನ ಮತ್ತೆ, ಒಪ್ಪಿದರೆ ಇಬ್ಬರ ಸಹಿ. ಎರಡನೆಯ ಕಿವಿ ಮೇಸ್ತ್ರಿಯದು. ಮೂರು ತಿಂಗಳು ಹೀಗೆ ನಡೆಸಿ ಗುಂಡಿಗಳ ಲೆಕ್ಕ ನೋಡೋಣ, ದೂರು ವಿಭಾಗದ ಮಾತು ಅಲ್ಲಿಯವರೆಗೆ ಬೇಡ ಎಂದರು. ವಿಷಯ ಕೇಳಿದ ಮೇಸ್ತ್ರಿ ಗುದ್ದಲಿಯವನನ್ನು ಗುಮಾಸ್ತ ಮಾಡಿದರಲ್ಲ ಎಂದು ಗೊಣಗಿದ. ಆದರೆ ಆ ಮಧ್ಯಾಹ್ನವೇ ಹೋಗಿ ಒಂದು ಪೆನ್ನು ಕೊಂಡುಕೊಂಡ.

ಹೊಸ ನಿಯಮದ ಮೊದಲ ಬೆಳಗ್ಗೆ ಅವರಿಗೆ ಸಿಕ್ಕಿದ್ದು ಹತ್ತೊಂಬತ್ತು ಮನೆಗಳ ಒಂದು ಚಿಕ್ಕ ಬೀದಿ. ಕಿವಿಯಣ್ಣ ಮುಂದೆ, ಮೇಸ್ತ್ರಿ ಇನ್ನೊಂದು ಕೋಲು ಹಿಡಿದು ನಾಲ್ಕು ಮನೆ ಹಿಂದೆ. ಮೇಸ್ತ್ರಿ ಪ್ರತಿ ಮನೆಯ ಮುಂದೂ ಕೈ ಅಡ್ಡ ಹಿಡಿದು, ಯಾರೋ ಕದ್ದು ನೋಡುತ್ತಾರೆಂಬಂತೆ ಬರೆದುಕೊಳ್ಳುತ್ತಿದ್ದ. ಕಿವಿಯಣ್ಣನಿಗೆ ಒಂಬತ್ತನೆಯ ಮನೆಯಲ್ಲಿ ಕೇಳಿಸಿತು. ಕಣ್ಣು ಮುಚ್ಚಿ ನಿಂತು, ಅದು ಮಿಡಿಯುವುದೋ ಅಲ್ಲವೋ ಎಂದಷ್ಟೇ ಆಲಿಸಿದ; ಕೈ ಕೋಲಿನ ಮೇಲೇ ಇತ್ತು. ಮಿಡಿಯುತ್ತಿತ್ತು. 'ಇಲ್ಲ' ಎಂದು ಬರೆದು ಹತ್ತನೆಯದಕ್ಕೆ ನಡೆದ.

ಬೀದಿಯ ಕೊನೆಯಲ್ಲಿ, ಬಾಗಿಲು ಮುಚ್ಚಿದ್ದ ಒಂದು ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಚೀಟಿ ಬಿಡಿಸಿದರು. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಇಲ್ಲ, ಎರಡರಲ್ಲೂ. ಹಾಗಾದರೆ ಇಷ್ಟು ಬೇಗ ಎದ್ದು ಬಂದು ಏನೂ ಸಿಗಲಿಲ್ಲವಲ್ಲ ಎಂದು ಮೇಸ್ತ್ರಿ ಬೇಜಾರು ಮಾಡಿಕೊಂಡ. ಏನೂ ಇಲ್ಲ ಎನ್ನುವುದೂ ಒಂದು ಫಲಿತಾಂಶವೇ, ಸಹಿ ಹಾಕು ಎಂದು ಕಿವಿಯಣ್ಣ ಹಾಳೆ ಮುಂದೆ ಹಿಡಿದ. 'ಸೋರಿಕೆ ಕಂಡುಬಂದಿಲ್ಲ' ಎಂಬ ಸಾಲಿನ ಕೆಳಗೆ ತನ್ನ ಸಹಿಯನ್ನು ಅವನು ಆಗಲೇ ಹಾಕಿಯಾಗಿತ್ತು. ಮೇಸ್ತ್ರಿ ಹೊಸ ಪೆನ್ನು ತೆಗೆದು, ಹೆಸರಿನ ಒಂದೊಂದು ಅಕ್ಷರವನ್ನೂ ಇಟ್ಟಿಗೆ ಜೋಡಿಸಿದಂತೆ ಜೋಡಿಸುತ್ತ ಬರೆದ. ಗಂಟೆ ಆರೂ ಇಪ್ಪತ್ತು. ಪಕ್ಕದ ಬೀದಿಯನ್ನೂ ಇವತ್ತೇ ಮುಗಿಸಬಹುದು ಎಂದು ಕಿವಿಯಣ್ಣ ಕೋಲು ಎತ್ತಿಕೊಂಡು ಎದ್ದ.